ಅಜ್ಜನ ಕೋವಿಗೂ ಕಾನೂನುಂಟು



ಕಳೆದ ತಿಂಗಳು ನಮ್ಮ ಫೋನ್-ಇನ್ ಕಾರ್ಯಕ್ರಮಕ್ಕೆ ಕೊಡಗಿನ ಹಿರಿಯರೊಬ್ಬರು ಕರೆ ಮಾಡಿದ್ದರು. "ಊರ ಮನೇಲಿ ನಮ್ಮಜ್ಜನ ಕೇಪಿನ ಕೋವಿ ಇದೆಯಮ್ಮಾ. ಅಷ್ಟು ಹಳೇದಕ್ಕೂ ಕಾನೂನು ಇರುತ್ತಾ? ಅದರಲ್ಲಿ ಒಂದು ಹಂದಿ ಹೊಡೆದರೆ ತಪ್ಪಾ?" ಅಂತ ಕೇಳಿದರು. ಅಷ್ಟರಲ್ಲಿ ವಾರ್ತೆಯ ಸಮಯವಾಯಿತು. ಅವರಿಗೆ ಉಳಿಸಿಕೊಂಡ ಉತ್ತರ ಇಲ್ಲಿದೆ.

ಕೇಪಿನ ಕೋವಿ ನೋಡದವರಿಗೆ ಒಂದು ಮಾತು. ಇದಕ್ಕೆ ತೋಟಾ ಇಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ನಾರು ತುರುಕಿ, ಚರೆ ಹಾಕಿ, ಸರಳಿನಿಂದ ಜಡಿಯಬೇಕು. ಒಂದು ಈಡು ತಪ್ಪಿದರೆ ಮತ್ತೆ ಮೊದಲಿಂದ ಶುರು!

1857ರ ದಂಗೆಯ ನಂತರ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ತುಕೊಳ್ಳತೊಡಗಿದರು. ಆದರೆ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ (ಹೌದು, ನಮ್ಮ ಕಬ್ಬನ್ ಪಾರ್ಕಿನವರೇ) ಕೊಡವರಿಗೆ ಇದರಿಂದ ವಿನಾಯಿತಿ ಕೊಟ್ಟರು. ಸ್ವತಂತ್ರ ಭಾರತವೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ 1963ರಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದನ್ನು ಮುಂದುವರಿಸಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಎತ್ತಿಹಿಡಿಯಿತು.

ಉಳಿದ ಊರುಗಳ ರೈತರನ್ನೂ 1959ರ ಕಾಯ್ದೆ ಮರೆಯಲಿಲ್ಲ. ಬೆಳೆ ಕಾಯುವುದಕ್ಕೆಂದು ನಿಜವಾಗಿ ಬೇಕಿದ್ದವರಿಗೆ ಬಾಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೊಡಬೇಕೆಂದು ಹದಿಮೂರನೇ ಕಲಮಿನಲ್ಲೇ ಬರೆದಿದೆ. ಇನ್ನು "ಹಳೇದು" ಎಂಬ ಮಾತು. ರಿಪೇರಿ ಮಾಡಿದರೂ ಹಾರದ ಪುರಾತನ ಕೋವಿ ಮಾತ್ರ ಈ ಕಾಯ್ದೆಯಿಂದ ಹೊರಗೆ. ಹಾರುವ ಕೋವಿಗೆ ಎಷ್ಟೇ ವಯಸ್ಸಾಗಿರಲಿ, ಅದನ್ನು ಬಳಸಲು ಪರವಾನಗಿ ಬೇಕು, ಇಲ್ಲವೇ ವಿನಾಯಿತಿ ಇರಬೇಕು.

ಹಂದಿಯ ಪ್ರಶ್ನೆಗೆ ಉತ್ತರ ಇನ್ನೊಂದು ಕಾಯ್ದೆಯಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊದಲಿಗೆ ಕೆಲವು ಪ್ರಾಣಿಗಳ ಬೇಟೆಗೆ ಪರವಾನಗಿಯ ದಾರಿ ಇಟ್ಟಿತ್ತು. 1991ರ ತಿದ್ದುಪಡಿ ಆ ದಾರಿಯನ್ನೂ ಮುಚ್ಚಿತು. ಹಂದಿ ಗದ್ದೆ ಹಾಳು ಮಾಡಿದರೂ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ನೇಮಿಸಿದ ಅಧಿಕಾರಿಯ ಲಿಖಿತ ಅನುಮತಿ ಬೇಕು. ಕೋವಿಗೆ ಸಿಕ್ಕ ವಿನಾಯಿತಿ ಬೇಟೆಗೆ ಸಿಕ್ಕ ವಿನಾಯಿತಿಯಲ್ಲ. ಬೆಳೆ ಕಾಯಲು ಕೋವಿ ಕೊಟ್ಟದ್ದು ಒಂದು ಕಾಯ್ದೆ, ಗುಂಡು ಹಾರಿಸುವ ಮುನ್ನ ತಡೆದು ನಿಲ್ಲಿಸುವುದು ಇನ್ನೊಂದು. ರಾತ್ರಿಯಿಡೀ ಗದ್ದೆ ಕಾಯುವ ರೈತ ಇವೆರಡರ ನಡುವೆ ನಿಂತಿದ್ದಾನೆ. ಅವನ ಸಂಕಟ ಸಣ್ಣದಲ್ಲ. ಹಾಗೆಂದು ಕಾಡೂ ಅಜ್ಜನ ಕಾಲದಷ್ಟು ಉಳಿದಿಲ್ಲ.

ಹಾಗಾದರೆ ಕೋವಿಗೆ ಏನು ಕೆಲಸ ಉಳಿಯಿತು? ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬದಲ್ಲಿ ಅದನ್ನು ತೊಳೆದು, ತೋಕ್ ಪೂ ಸಿಕ್ಕಿಸಿ ಪೂಜಿಸುತ್ತಾರೆ. ಹಿಂದೆ ಪೂಜೆಯ ಬೆನ್ನಿಗೇ ಬೇಟೆ. ಹುಲಿ ಹೊಡೆದವನಿಗೆ ಮದುಮಗನ ಮರ್ಯಾದೆ, ನರಿ ಮಂಗಲ. ಈಗ ಗುರಿ ಹಿಡಿಯುವುದು ತೆಂಗಿನಕಾಯಿಗೆ. ಮಗು ಹುಟ್ಟಿದರೆ, ಮನೆಯಲ್ಲಿ ಸಾವಾದರೆ ಗುಂಡಿನ ಸದ್ದಿನಲ್ಲೇ ಊರಿಗೆ ಸುದ್ದಿ ಮುಟ್ಟಿಸುವ ಪದ್ಧತಿಯೂ ಇದೆ.

ಆದ್ದರಿಂದ ಹಿರಿಯರೇ, ಅಜ್ಜನ ಕೋವಿ ಜೋಪಾನ. ಅದರ ಕಾಗದಪತ್ರ ಇನ್ನೂ ಜೋಪಾನ. ಹಬ್ಬಕ್ಕೆ ಊರಿಗೆ ಹೋದಾಗ ಮೊಮ್ಮಕ್ಕಳಿಗೆ ಅದರ ಕಥೆ ಹೇಳಿ. ಹಂದಿಯನ್ನು ಮಾತ್ರ ಬಿಟ್ಟುಬಿಡಿ!

ಮತ್ತೆ ಭೇಟಿಯಾಗೋಣ, ಅದೇ ಸಮಯ, ಅದೇ ತರಂಗಾಂತರದಲ್ಲಿ.