ದೊಡ್ಡ ಗಾಜಿಗೆ ಮನೆ ಸಿಗಲಿಲ್ಲ

ಕಿಲಿಮಾನಿಯಿಂದ ಇನ್ನೊಂದು ಕಂತು. ಮೈಸೂರು ಅರಮನೆಯ ಕಲ್ಯಾಣ ಮಂಟಪದ ನವಿಲಿನ ಗಾಜು ನೆನಪಿದೆಯಲ್ಲ? ಗ್ಲಾಸ್ಗೋದಿಂದ ಬಂದದ್ದು. ಅರಮನೆ ಉಳಿಯಿತು, ಗಾಜೂ ಉಳಿಯಿತು. ನ್ಯೂಯಾರ್ಕಿನ ಕೆನಡಿ ವಿಮಾನ ನಿಲ್ದಾಣದ ಗಾಜಿಗೆ ಆ ಅದೃಷ್ಟ ಇರಲಿಲ್ಲ. ಅಮೆರಿಕನ್ ಏರ್‌ಲೈನ್ಸ್ ಟರ್ಮಿನಲ್ಲಿನ ಮುಂಗೋಡೆಗೆ 1960ರಲ್ಲಿ ರಾಬರ್ಟ್ ಸೋವರ್ಸ್ ಮಾಡಿದ್ದು: 317 ಅಡಿ ಉದ್ದ, 23 ಅಡಿ ಎತ್ತರ! ಟರ್ಮಿನಲ್ ಕೆಡವಬೇಕಾದಾಗ ನೌಕರರೇ ಉಳಿಸಿ ಅಂತ ಓಡಾಡಿದರು. ಆದರೆ ಅಷ್ಟುದ್ದದ ಗೋಡೆ ಯಾರ ಹತ್ತಿರ ಇರುತ್ತೆ? ಬಿಚ್ಚಿ ಸಾಗಿಸೋ ಖರ್ಚು ಬೇರೆ. ನಮ್ಮ ವಾರ್ಡಿನಲ್ಲಿ ಡಿಸ್ಚಾರ್ಜಿಗೆ ಮುಂಚೆಯೇ ‘ಮನೇಲಿ ನೋಡ್ಕೊಳ್ಳೋರು ಯಾರು?’ ಅಂತ ಕೇಳ್ತೀವಿ. ಈ ಗಾಜಿಗೆ ಕೇಳಿದ್ದು ತೀರಾ ತಡವಾಗಿ. 2008ರ ಹೊತ್ತಿಗೆ ಬಿಚ್ಚಿದರು. ಹಳೇ ಕಟ್ಟಡದ ಸಾಮಾನು ಮಾರುವವರ ಪಾಲಾಯ್ತು. ಕೆಲವು ಚೂರು ಕೀಚೈನ್ ಆದವು.