ಅಡುಗೆಮನೆಯ ನಲ್ಲಿಯಲ್ಲಿ ಬಿಸಿನೀರಿನ ಹರಿವು ಕುಂಠಿತವಾದಾಗ: ಹೂವಿನಹಡಗಲಿ ಪಟ್ಟಣ ಹಾಗೂ ತಾಲ್ಲೂಕಿನ ನೀರು ಸಂಪರ್ಕದಾರರ ಮಾಹಿತಿಗಾಗಿ

ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದೆ ಎಂಬ ದೂರು ನೀರು ಸರಬರಾಜಿಗೆ ಸಂಬಂಧಿಸಿದ ಕಚೇರಿಗಳಿಗೆ ಬರುವ ಸಾಮಾನ್ಯ ದೂರುಗಳಲ್ಲಿ ಒಂದು. ಆದರೆ ತಣ್ಣೀರು ಸರಾಗವಾಗಿ ಬಂದು, ಬಿಸಿನೀರು ಮಾತ್ರ ದಾರದಂತೆ ಇಳಿಯುತ್ತಿದ್ದಲ್ಲಿ ದೋಷವು ಬೀದಿಯ ಕೊಳವೆ ಮಾರ್ಗದಲ್ಲಿರುವುದಿಲ್ಲ, ಮನೆಯೊಳಗಿನ ಜೋಡಣೆಯಲ್ಲಿರುತ್ತದೆ. ಬೀದಿಯ ಕೊಳವೆಯು ಬಿಸಿನೀರನ್ನು ಪೂರೈಸುವುದಿಲ್ಲವಾದ್ದರಿಂದ ಇಂತಹ ಪ್ರಕರಣದಲ್ಲಿ ಪುರಸಭೆಗಾಗಲಿ ಗ್ರಾಮ ಪಂಚಾಯಿತಿಗಾಗಲಿ ಸಲ್ಲಿಸುವ ಅರ್ಜಿಯಿಂದ ಪರಿಹಾರ ದೊರೆಯಲಾರದು. ಅರ್ಜಿ ಸಲ್ಲಿಸುವ ಮುನ್ನ, ಗೋಡೆ ಒಡೆಸುವ ಮುನ್ನ, ಹೊಸ ಗೀಸರ್ ಕೊಳ್ಳುವ ಮುನ್ನ ದೋಷವು ಎಲ್ಲಿದೆ ಎಂಬುದನ್ನು ಸಂಪರ್ಕದಾರರೇ ಅರ್ಧ ಗಂಟೆಯಲ್ಲಿ ಗುರುತಿಸಿಕೊಳ್ಳಬಹುದಾಗಿದೆ.

ಈ ಭಾಗದ ನೀರಿನ ಸ್ವರೂಪ

2021ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ವಿಜಯನಗರ ಜಿಲ್ಲೆಗೆ ಸೇರಿದ ಹೂವಿನಹಡಗಲಿ ತಾಲ್ಲೂಕು ತುಂಗಭದ್ರಾ ನದಿಯ ಬಲದಂಡೆಯಲ್ಲಿದೆ. ಮೈಲಾರ, ಮಾಗಳ ಮುಂತಾದ ಗ್ರಾಮಗಳಿಗೆ ನದಿಯು ಸಮೀಪದಲ್ಲಿದ್ದರೆ, ನದಿಯಿಂದ ದೂರದ ಗ್ರಾಮಗಳು ಬಹುಕಾಲ ಕೊಳವೆಬಾವಿಗಳನ್ನು ಅವಲಂಬಿಸಿವೆ. ನದಿಯ ನೀರು ಸಾಮಾನ್ಯವಾಗಿ ಮೆದುವಾದುದು. ಮಳೆಗಾಲದಲ್ಲಿ ಮಾತ್ರ ಕೆಂಪು ಮಣ್ಣಿನ ಕಣಗಳು ಅದರಲ್ಲಿ ಅಧಿಕ. ಕೊಳವೆಬಾವಿಯ ನೀರು ಅನೇಕ ಕಡೆ ಗಡಸು. ಬೇಳೆ ಬೇಗ ಬೇಯದಿರುವುದು, ಸಾಬೂನು ನೊರೆ ಕಟ್ಟದಿರುವುದು, ಹಂಡೆಯ ಒಳಮೈಯಲ್ಲಿ ಬಿಳಿಯ ಪೊರೆ ನಿಲ್ಲುವುದು ಇದರ ಲಕ್ಷಣಗಳು. ಜನರು ಸವುಳು ನೀರು ಎಂದು ಕರೆಯುವುದೂ ಬಹುಮಟ್ಟಿಗೆ ಇದನ್ನೇ.

ಕುಡಿಯುವ ನೀರಿಗೆ ಸಂಬಂಧಿಸಿದ ಭಾರತೀಯ ಮಾನಕ ಐ.ಎಸ್. 10500ರ ಪ್ರಕಾರ ನೀರಿನ ಒಟ್ಟು ಗಡಸುತನವು ಪ್ರತಿ ಲೀಟರಿಗೆ 200 ಮಿಲಿಗ್ರಾಂ ಮೀರದಿರುವುದು ಅಪೇಕ್ಷಣೀಯ. ಬೇರೆ ಜಲಮೂಲ ಇಲ್ಲದ ಕಡೆ 600 ಮಿಲಿಗ್ರಾಂವರೆಗೆ ಅನುಮತಿಸಲಾಗಿದೆ. ಅಂದರೆ ಕುಡಿಯಲು ಯೋಗ್ಯವೆಂದು ಪರಿಗಣಿತವಾದ ನೀರೂ ಗೀಸರಿಗೆ ಕಂಟಕವಾಗಬಲ್ಲದು. ಇಂತಹ ನೀರು ತಣ್ಣಗಿರುವಾಗ ಅದರಲ್ಲಿನ ಸುಣ್ಣದ ಅಂಶ ಕರಗಿಯೇ ಇರುತ್ತದೆ. ಕಾಯಿಸಿದಾಗ ಗಟ್ಟಿಯಾಗಿ ಬೇರ್ಪಟ್ಟು ಕಾವುಕೋಲಿನ ಮೇಲೆ, ಕೊಳವೆಯ ತಿರುವುಗಳಲ್ಲಿ, ನಲ್ಲಿಯ ಸಣ್ಣ ರಂಧ್ರಗಳಲ್ಲಿ ಕೂರುತ್ತದೆ. ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ಮೀರಿದಂತೆ ಈ ಕ್ರಿಯೆ ಚುರುಕಾಗುತ್ತದೆ. ಒಂದೇ ಮನೆಯಲ್ಲಿ, ಒಂದೇ ವರ್ಷ ಅಳವಡಿಸಿದ ಎರಡು ಕೊಳವೆಗಳಲ್ಲಿ ಬಿಸಿನೀರಿನದು ಮಾತ್ರ ಕಟ್ಟಿಕೊಳ್ಳಲು ಇದೇ ಪ್ರಮುಖ ಕಾರಣ. ಕೊಳವೆಯ ಒಳವ್ಯಾಸ ಅರ್ಧಕ್ಕಿಳಿದರೆ ನೀರಿನ ಹರಿವು ಅರ್ಧಕ್ಕಲ್ಲ, ಐದನೇ ಒಂದು ಭಾಗಕ್ಕಿಂತಲೂ ಕೆಳಗೆ ಇಳಿಯುತ್ತದೆ.

ದೋಷದ ಸ್ಥಳವನ್ನು ಗುರುತಿಸುವ ಕ್ರಮ

ಮೊದಲಿಗೆ ಒಂದು ಲೀಟರಿನ ಪಾತ್ರೆಯನ್ನು ತೆಗೆದುಕೊಂಡು ಅಡುಗೆಮನೆಯ ನಲ್ಲಿಯಲ್ಲಿ ತಣ್ಣೀರಿನಿಂದ ಒಮ್ಮೆ, ಬಿಸಿನೀರಿನಿಂದ ಒಮ್ಮೆ ತುಂಬಿಸಿ, ತಗಲುವ ಸೆಕೆಂಡುಗಳನ್ನು ಬರೆದಿಟ್ಟುಕೊಳ್ಳತಕ್ಕದ್ದು. ಎರಡೂ ನಿಧಾನವಾಗಿದ್ದಲ್ಲಿ ಮೇಲ್ಛಾವಣಿಯ ತೊಟ್ಟಿಯಲ್ಲಿ ನೀರಿನ ಮಟ್ಟ, ತೊಟ್ಟಿಯಿಂದ ಇಳಿಯುವ ಮುಖ್ಯ ಕೊಳವೆಯ ವಾಲ್ವ್ ಹಾಗೂ ನಲ್ಲಿಯ ಬಾಯಿಯ ಜಾಲರಿಯನ್ನು ನೋಡಬೇಕು. ಬಿಸಿನೀರು ಮಾತ್ರ ನಿಧಾನವಾಗಿದ್ದಲ್ಲಿ ಬಚ್ಚಲುಮನೆಯ ಬಿಸಿನೀರಿನ ನಲ್ಲಿಯನ್ನು ಅದೇ ರೀತಿ ಪರೀಕ್ಷಿಸಬೇಕು. ಅಲ್ಲಿ ಸರಾಗವಾಗಿ ಬಂದರೆ ದೋಷವು ಅಡುಗೆಮನೆಗೆ ಹೋಗುವ ಕವಲಿನಲ್ಲಿ ಅಥವಾ ನಲ್ಲಿಯಲ್ಲಿಯೇ ಇದೆ. ಅಲ್ಲಿಯೂ ಕಡಿಮೆ ಇದ್ದರೆ ಗೀಸರ್ ಅಥವಾ ಸೋಲಾರ್ ತೊಟ್ಟಿಯ ಕಡೆ ಗಮನ ಹರಿಸಬೇಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಅಗತ್ಯ. ಬಿಸಿನೀರು ಕಡಿಮೆಯಾದ ಕೂಡಲೇ ನಲ್ಲಿಯ ಬಾಯಿಯ ಜಾಲರಿಯನ್ನು ಬಿಚ್ಚಿ ತೊಳೆಯುವುದು ರೂಢಿಯಲ್ಲಿದೆ. ಬಿಸಿನೀರಿಗೆ ಪ್ರತ್ಯೇಕ ನಲ್ಲಿ ಇದ್ದಲ್ಲಿ ಇದು ಸರಿ. ಆದರೆ ಮಿಕ್ಸರ್ ನಲ್ಲಿಯಲ್ಲಿ ತಣ್ಣೀರು ಮತ್ತು ಬಿಸಿನೀರು ಎರಡೂ ಅದೇ ಜಾಲರಿಯ ಮೂಲಕವೇ ಹೊರಬರುತ್ತವೆ. ತಣ್ಣೀರು ರಭಸವಾಗಿ ಬರುತ್ತಿದ್ದರೆ ಜಾಲರಿಯು ನಿರ್ದೋಷಿ. ಅದರ ಹಿಂದಿನ ಭಾಗವನ್ನು ನೋಡಬೇಕು.

ಸಿಂಕಿನ ಕೆಳಗೆ ಗೋಡೆಯಿಂದ ಹೊರಬರುವ ಆ್ಯಂಗಲ್ ಕಾಕ್ ಅನ್ನು ಮುಚ್ಚಿ, ಅದರಿಂದ ನಲ್ಲಿಗೆ ಹೋಗುವ ಬಳುಕುವ ಕನೆಕ್ಷನ್ ಪೈಪನ್ನು ನಲ್ಲಿಯ ತುದಿಯಲ್ಲಿ ಬಿಚ್ಚಿ, ಬಿಚ್ಚಿದ ತುದಿಯನ್ನು ಬಕೆಟ್ಟಿನೊಳಗೆ ಹಿಡಿದು ಕಾಕ್ ಅನ್ನು ನಿಧಾನವಾಗಿ ತೆರೆಯಬೇಕು. ಇದಕ್ಕೆ ಮುನ್ನ ಗೀಸರಿನ ಸ್ವಿಚ್ಚನ್ನು ಆರಿಸಿ ನೀರು ತಣಿಯಲು ಬಿಡುವುದು ಕಡ್ಡಾಯ. ಸೋಲಾರ್ ಇರುವ ಮನೆಗಳಲ್ಲಿ ಈ ಕೆಲಸವನ್ನು ಮುಂಜಾನೆಯೇ ಮಾಡತಕ್ಕದ್ದು. ಬೇಸಿಗೆಯ ಮಧ್ಯಾಹ್ನದಲ್ಲಿ ಆ ನೀರು ಕೈ ಸುಡುವಷ್ಟು ಬಿಸಿಯಾಗಿರುತ್ತದೆ. ಬಕೆಟ್ಟಿಗೆ ನೀರು ರಭಸವಾಗಿ ಬಿದ್ದರೆ ನಲ್ಲಿಯ ಬಿಸಿನೀರಿನ ಭಾಗದಲ್ಲಿ, ಅಂದರೆ ಸ್ಪಿಂಡಲ್ ಅಥವಾ ಕಾರ್ಟ್ರಿಜ್‌ನಲ್ಲಿ, ದೋಷವಿದೆ ಎಂದು ತಿಳಿಯಬೇಕು. ಬಕೆಟ್ಟಿಗೂ ಸಣ್ಣಗೆ ಬಿದ್ದರೆ ಪೈಪನ್ನು ತೆಗೆದು ಕಾಕ್‌ನಿಂದಲೇ ನೇರವಾಗಿ ನೋಡಬೇಕು. ಹಳೆಯ ಕನೆಕ್ಷನ್ ಪೈಪುಗಳ ಒಳಗಿನ ರಬ್ಬರ್ ಕೊಳವೆಯು ಬಿಸಿಗೆ ಉಬ್ಬಿ ದಾರಿಯನ್ನು ಮುಚ್ಚುವುದುಂಟು; ಹೊರಗಿನ ಹೆಣಿಗೆ ಹೊಸದರಂತೆಯೇ ಹೊಳೆಯುತ್ತಿರುವುದರಿಂದ ಇದು ಕಣ್ಣಿಗೆ ಬೀಳುವುದಿಲ್ಲ.

ನೀರು ಬಿಡುವ ದಿನ ಮಾತ್ರ ಬಿಸಿನೀರು ನಿಲ್ಲುವುದು

ಕೆಲವು ಮನೆಗಳಲ್ಲಿ ವಿಚಿತ್ರವೆನಿಸುವ ಸ್ಥಿತಿಯೊಂದು ಕಂಡುಬರುತ್ತದೆ. ಬೀದಿಯ ಕೊಳವೆಯಲ್ಲಿ ನೀರು ಬಿಟ್ಟಾಗ ಅಡುಗೆಮನೆಯಲ್ಲಿ ಬಿಸಿನೀರು ಬಹುತೇಕ ನಿಲ್ಲುತ್ತದೆ. ಬೀದಿಯ ನೀರು ನಿಂತ ಬಳಿಕ ತಾನಾಗಿಯೇ ಸರಿಹೋಗುತ್ತದೆ. ಇದಕ್ಕೆ ಕಾರಣ ಜೋಡಣೆಯಲ್ಲಿದೆ. ಅಡುಗೆಮನೆಯ ತಣ್ಣೀರನ್ನು ಬೀದಿಯ ಸಂಪರ್ಕದಿಂದ ನೇರವಾಗಿಯೂ ಬಿಸಿನೀರನ್ನು ಮೇಲ್ಛಾವಣಿಯ ಸೋಲಾರಿನಿಂದಲೂ ತಂದು ಒಂದೇ ಮಿಕ್ಸರಿಗೆ ಕೂಡಿಸಿದಾಗ ಎರಡು ಬೇರೆ ಬೇರೆ ಒತ್ತಡಗಳು ಎದುರುಬದುರಾಗುತ್ತವೆ. ತೊಟ್ಟಿಯ ನೀರಿನ ಮಟ್ಟವು ನಲ್ಲಿಗಿಂತ 3 ಮೀಟರ್ ಎತ್ತರದಲ್ಲಿದ್ದರೆ ಒತ್ತಡವು ಸುಮಾರು 0.3 ಬಾರ್ ಮಾತ್ರ. ಬೀದಿಯ ಒತ್ತಡ ಇದಕ್ಕಿಂತ ಹೆಚ್ಚಾದ ಕ್ಷಣ ತಣ್ಣೀರು ಬಿಸಿನೀರನ್ನು ಹಿಂದಕ್ಕೆ ತಳ್ಳುತ್ತದೆ. ಕೆಲವೊಮ್ಮೆ ಸೋಲಾರ್ ತೊಟ್ಟಿಯ ಗಾಳಿಕೊಳವೆಯಿಂದ ನೀರು ಉಕ್ಕಿ ಹರಿಯುವುದೂ ಉಂಟು.

ಇದನ್ನು ಕೇವಲ ಅನನುಕೂಲವೆಂದು ಭಾವಿಸತಕ್ಕದ್ದಲ್ಲ. ಬೀದಿಯ ಕೊಳವೆ ಖಾಲಿಯಾಗಿರುವಾಗ ಅದೇ ಮಿಕ್ಸರಿನ ಮೂಲಕ ಮನೆಯ ತೊಟ್ಟಿಯ ನೀರು ಹಿಮ್ಮುಖವಾಗಿ ಬೀದಿಯ ಕೊಳವೆಗೆ ಸೇರಬಹುದು. ತಿಂಗಳುಗಟ್ಟಲೆ ತೊಳೆಯದ ತೊಟ್ಟಿಯ ನೀರು ನೆರೆಮನೆಯವರ ಕುಡಿಯುವ ನೀರಾಗುವ ಸಂಭವವಿದೆ. ಆದ್ದರಿಂದ ಮಿಕ್ಸರಿಗೆ ತಣ್ಣೀರು ಹಾಗೂ ಬಿಸಿನೀರು ಎರಡೂ ಒಂದೇ ಮೇಲ್ತೊಟ್ಟಿಯಿಂದ ಬರುವಂತೆ ಬದಲಾಯಿಸಿಕೊಳ್ಳುವುದೇ ಸರಿಯಾದ ಪರಿಹಾರ. ಬೀದಿಯ ನೀರಿಗೆ ಪ್ರತ್ಯೇಕ ನಲ್ಲಿ ಇರಲಿ.

ಒತ್ತಡ ಸಾಲದೆಂದು ಬೀದಿಯ ಸಂಪರ್ಕಕ್ಕೆ ನೇರವಾಗಿ ಮೋಟಾರ್ ಅಳವಡಿಸುವುದನ್ನು ಯಾವ ಕಾರಣಕ್ಕೂ ಮಾಡಕೂಡದು. ಮೋಟಾರ್ ಎಳೆಯುವಾಗ ಕೊಳವೆಯೊಳಗೆ ನಿರ್ವಾತ ಉಂಟಾಗಿ, ಸೋರುವ ಕೂಡುಗಳ ಮೂಲಕ ಚರಂಡಿಯ ನೀರು ಒಳಸೇರುತ್ತದೆ. ಬಿಸಿನೀರಿನ ಹರಿವಂತೂ ಇದರಿಂದ ಸುಧಾರಿಸುವುದಿಲ್ಲ.

ಗೀಸರ್ ಇರುವ ಮನೆಗಳಲ್ಲಿ

ಶೇಖರಣಾ ಮಾದರಿಯ ವಿದ್ಯುತ್ ಗೀಸರಿನಲ್ಲಿ ಕೆಳಗಿನಿಂದ ತಣ್ಣೀರು ಪ್ರವೇಶಿಸಿ ಮೇಲ್ಭಾಗದ ಬಿಸಿನೀರನ್ನು ಹೊರದಬ್ಬುತ್ತದೆ. ಒಳಗೆ ಬಂದಷ್ಟೇ ನೀರು ಹೊರಗೆ ಹೋಗುವುದರಿಂದ, ಬಿಸಿನೀರು ಕಡಿಮೆಯಾದಾಗ ಮೊದಲು ನೋಡಬೇಕಾದುದು ಗೀಸರಿನೊಳಕ್ಕೆ ಹೋಗುವ ತಣ್ಣೀರಿನ ಮಾರ್ಗವನ್ನು. ಅಲ್ಲಿನ ವಾಲ್ವ್ ಅರ್ಧ ಮುಚ್ಚಿರುವುದು, ನಾನ್ ರಿಟರ್ನ್ ವಾಲ್ವಿನಲ್ಲಿ ಮರಳು ಸಿಕ್ಕಿಕೊಂಡಿರುವುದು ಸಾಮಾನ್ಯ. ಅದು ಸರಿಯಿದ್ದಲ್ಲಿ ಮಾತ್ರ ಗೀಸರಿನೊಳಗೆ ಸುಣ್ಣ ಕಟ್ಟಿರುವ ಸಾಧ್ಯತೆಯನ್ನು ಪರಿಗಣಿಸಬೇಕು. ಕಾಯಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುವುದು, ಕಾಯುವಾಗ ಕಟಕಟ ಸದ್ದು ಕೇಳುವುದು ಇದರ ಗುರುತು. ಗೀಸರನ್ನು ಬಿಚ್ಚಿ ಸುಣ್ಣ ತೆಗೆಯುವ ಕೆಲಸವನ್ನು ತರಬೇತಿ ಪಡೆದ ದುರಸ್ತಿಗಾರರಿಂದಲೇ ಮಾಡಿಸತಕ್ಕದ್ದು.

ಗೀಸರಿನ ಸುರಕ್ಷತಾ ವಾಲ್ವಿನಿಂದ ಹನಿ ತೊಟ್ಟಿಕ್ಕುತ್ತದೆಂದು ಅದಕ್ಕೆ ಬಿರಡೆ ಹಾಕಿ ಮುಚ್ಚುವುದು ಪ್ರಾಣಾಪಾಯಕಾರಿ. ಒಳಗಿನ ಆವಿಗೆ ಹೊರದಾರಿಯಿಲ್ಲದೆ ತೊಟ್ಟಿ ಸಿಡಿಯುವ ಸಂಭವವಿರುತ್ತದೆ. ಹಾಗೆಯೇ ತೊಟ್ಟಿ ಖಾಲಿಯಾಗಿ ನೀರು ನಿಂತಾಗ ಗೀಸರಿನ ಸ್ವಿಚ್ಚನ್ನು ಮೊದಲು ಆರಿಸಬೇಕು. ನಲ್ಲಿಯನ್ನು ಮುಟ್ಟಿದಾಗ ಜುಮ್ಮೆನಿಸಿದರೆ ಅದು ಹರಿವಿನ ಸಮಸ್ಯೆಯಲ್ಲ, ಅರ್ಥಿಂಗ್ ದೋಷ; ಕೂಡಲೇ ಮೈನ್ ಆರಿಸಿ ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರನ್ನು ಕರೆಯಬೇಕು. ಗ್ಯಾಸ್ ಗೀಸರಿನಲ್ಲಿ ಹರಿವು ಕಡಿಮೆಯಾದರೆ ಜ್ವಾಲೆಯೇ ಹೊತ್ತಿಕೊಳ್ಳುವುದಿಲ್ಲ. ಆ ಕಾರಣಕ್ಕೆ ಅದನ್ನು ಕಿಟಕಿಯಿಲ್ಲದ ಬಚ್ಚಲುಮನೆಗೆ ಸ್ಥಳಾಂತರಿಸಕೂಡದು. ಅದು ಹೊರಸೂಸುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಅಲ್ಲಿಯೇ ಕುಸಿದು ಮೃತಪಟ್ಟ ಘಟನೆಗಳು ರಾಜ್ಯದಲ್ಲಿ ಸಂಭವಿಸಿವೆ.

ಸೋಲಾರ್ ಇರುವ ಮನೆಗಳಲ್ಲಿ

ಗಾಜಿನ ನಳಿಕೆಗಳ ಸಾಮಾನ್ಯ ಸೋಲಾರ್ ತೊಟ್ಟಿಗೆ ಮೇಲ್ಮುಖವಾಗಿ ಒಂದು ಗಾಳಿಕೊಳವೆ ಇರುತ್ತದೆ. ಹಕ್ಕಿಗಳ ಗೂಡು, ಕಣಜದ ಹುಳುಗಳ ಮಣ್ಣು ಅಥವಾ ಸುಣ್ಣದಿಂದ ಅದು ಮುಚ್ಚಿಹೋದರೆ ನೀರು ಹೊರಗೆ ಹರಿಯಲು ತಡೆಯುಂಟಾಗುತ್ತದೆ. ಒಳಗೆ ನಿರ್ವಾತವಾಗಿ ತೊಟ್ಟಿಯೇ ಒಳಕ್ಕೆ ಕುಸಿದು ನಿರುಪಯುಕ್ತವಾಗಬಹುದು. ಮಂಗಗಳು ಬಗ್ಗಿಸಿದ ಕೊಳವೆಯನ್ನು ಕಟ್ಟಿ ಮುಚ್ಚಿಬಿಡುವ ಪರಿಪಾಠ ಸರಿಯಲ್ಲ. ತೊಟ್ಟಿಯ ತಳದಲ್ಲಿ ಕೂರುವ ಮಣ್ಣನ್ನು ಮಳೆಗಾಲ ಮುಗಿದ ಬಳಿಕ ಡ್ರೈನ್ ವಾಲ್ವ್ ತೆರೆದು ಹೊರಬಿಡಬೇಕು. ಖಾಲಿ ಮಾಡಿದ ಸೋಲಾರಿಗೆ ಬಿಸಿಲಿನಲ್ಲಿ ತಣ್ಣೀರು ತುಂಬಿಸಿದರೆ ಕಾದ ಗಾಜಿನ ನಳಿಕೆಗಳು ಒಡೆಯುತ್ತವೆ. ಸೂರ್ಯೋದಯಕ್ಕೆ ಮೊದಲೇ ತುಂಬಿಸುವುದು ಕ್ಷೇಮ.

ತೊಟ್ಟಿ ಒಮ್ಮೆ ಖಾಲಿಯಾಗಿ ಮತ್ತೆ ತುಂಬಿದ ನಂತರ ಬಿಸಿನೀರು ಬಿಟ್ಟು ಬಿಟ್ಟು ಬರುತ್ತಿದ್ದಲ್ಲಿ ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ. ಮನೆಯ ಎಲ್ಲಾ ಬಿಸಿನೀರಿನ ನಲ್ಲಿಗಳನ್ನು, ಅತಿ ಕೆಳಗಿನದರಿಂದ ಆರಂಭಿಸಿ, ಕೆಲ ನಿಮಿಷ ಪೂರ್ತಿ ತೆರೆದಿಟ್ಟರೆ ಸಾಮಾನ್ಯವಾಗಿ ಗಾಳಿ ಹೊರಹೋಗುತ್ತದೆ. ಪ್ರತಿ ಬಾರಿಯೂ ಇದೇ ತೊಂದರೆ ಕಂಡುಬಂದರೆ ಕೊಳವೆಯು ಎಲ್ಲೋ ಮೇಲೇರಿ ಇಳಿದಿರುತ್ತದೆ. ಆ ಉಬ್ಬನ್ನು ತೆಗೆದು ಇಳಿಜಾರಾಗಿ ಹಾಕಿಸಬೇಕು.

ಖರ್ಚು ಉಳಿಸಲು ತಣ್ಣೀರಿಗೆ ಬಳಸುವ ಸಾದಾ ಪಿ.ವಿ.ಸಿ. ಕೊಳವೆಯನ್ನೇ ಸೋಲಾರಿಗೂ ಹಾಕಿಸಿರುವ ಮನೆಗಳಲ್ಲಿ ಕೊಳವೆ ಬಿಸಿಗೆ ಮೆತ್ತಗಾಗಿ, ಕ್ಲಿಪ್ಪುಗಳ ನಡುವೆ ಜೋತುಬಿದ್ದು, ತಿರುವಿನಲ್ಲಿ ಚಪ್ಪಟೆಯಾಗುತ್ತದೆ. ಇದಕ್ಕೆ ಶುಚಿಗೊಳಿಸುವಿಕೆ ಪರಿಹಾರವಲ್ಲ, ಸಿ.ಪಿ.ವಿ.ಸಿ. ಕೊಳವೆ ಹಾಕಿಸುವುದೊಂದೇ ದಾರಿ. ಹಳೆಯ ಜಿ.ಐ. ಕೊಳವೆಗಳಲ್ಲಿ ತುಕ್ಕು ಮತ್ತು ಸುಣ್ಣ ಸೇರಿ ಒಳದಾರಿ ಪೆನ್ಸಿಲಿನಷ್ಟು ಕಿರಿದಾಗಿದ್ದರೆ ಅದಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಸುಣ್ಣವನ್ನು ತೆಗೆಯುವ ವಿಧಾನ

ಜಾಲರಿ, ಸ್ಪಿಂಡಲ್ ಮುಂತಾದ ಸಣ್ಣ ಭಾಗಗಳನ್ನು ವಿನೆಗರ್‌ನಲ್ಲಿ ಅಥವಾ ಕಿರಾಣಿ ಅಂಗಡಿಗಳಲ್ಲಿ ದೊರೆಯುವ ನಿಂಬೆ ಉಪ್ಪನ್ನು ಕರಗಿಸಿದ ಬೆಚ್ಚಗಿನ ನೀರಿನಲ್ಲಿ ಕೆಲವು ಗಂಟೆಗಳ ಕಾಲ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದರೆ ಸುಣ್ಣ ಬಿಡುತ್ತದೆ. ರಬ್ಬರ್ ವಾಷರುಗಳನ್ನು ಮೊದಲೇ ತೆಗೆದಿಡಬೇಕು. ಶೌಚಾಲಯ ತೊಳೆಯುವ ಆಸಿಡ್ಡನ್ನು ಅಡುಗೆಮನೆಯ ನಲ್ಲಿಗೆ ಬಳಸಕೂಡದು; ಅದು ಸುಣ್ಣದೊಂದಿಗೆ ಲೋಹವನ್ನೂ ತಿನ್ನುತ್ತದೆ. ಗೀಸರಿನ ಉಷ್ಣತೆಯನ್ನು 55 ಡಿಗ್ರಿಯಿಂದ 60 ಡಿಗ್ರಿಯ ಒಳಗೆ ಇಟ್ಟುಕೊಂಡರೆ ಸುಣ್ಣ ಕಟ್ಟುವುದು ನಿಧಾನವಾಗುತ್ತದೆ, ವಿದ್ಯುತ್ತೂ ಉಳಿಯುತ್ತದೆ. ನದಿಯ ನೀರು ಲಭ್ಯವಿರುವ ಮನೆಗಳಲ್ಲಿ ಗೀಸರಿಗೆ ಅದನ್ನೂ, ಬಳಕೆಗೆ ಕೊಳವೆಬಾವಿ ನೀರನ್ನೂ ಬೇರ್ಪಡಿಸುವುದು ಸಾಧ್ಯವಿದ್ದಲ್ಲಿ ಎಲ್ಲಕ್ಕಿಂತ ಉತ್ತಮ.

ಅರ್ಜಿ ಹಾಗೂ ದೂರು ಸಲ್ಲಿಸಬೇಕಾದ ಸಂದರ್ಭಗಳು

ಬೀದಿಯಿಂದ ಬರುವ ತಣ್ಣೀರಿನ ಒತ್ತಡವೇ ಕಡಿಮೆಯಿದ್ದು, ಅಕ್ಕಪಕ್ಕದ ಮನೆಗಳಲ್ಲಿಯೂ ಅದೇ ಸ್ಥಿತಿ ಇದ್ದಲ್ಲಿ ಪಟ್ಟಣದ ನಿವಾಸಿಗಳು ಹೂವಿನಹಡಗಲಿ ಪುರಸಭೆಗೆ, ಗ್ರಾಮಗಳ ನಿವಾಸಿಗಳು ತಮ್ಮ ಗ್ರಾಮ ಪಂಚಾಯಿತಿಗೆ ಲಿಖಿತ ದೂರು ಸಲ್ಲಿಸಬಹುದು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಯೋಜನೆಯು ಗ್ರಾಮೀಣ ಮನೆಗಳಿಗೆ ತಲಾ ದಿನಕ್ಕೆ 55 ಲೀಟರ್ ನೀರಿನ ಗುರಿಯನ್ನು ಹೊಂದಿದ್ದು, ಅದರ ನಲ್ಲಿ ಸಂಪರ್ಕಗಳಿಗೆ ಸಂಬಂಧಿಸಿದ ದೂರುಗಳಿಗೂ ಇದು ಅನ್ವಯಿಸುತ್ತದೆ. ದೂರಿನಲ್ಲಿ ನಲ್ಲಿ ಸಂಪರ್ಕದ ಸಂಖ್ಯೆ, ವಾರ್ಡ್ ಅಥವಾ ಓಣಿಯ ವಿವರ, ನೀರು ಬಿಟ್ಟ ದಿನ ಮತ್ತು ವೇಳೆ, ಒಂದು ಲೀಟರ್ ತುಂಬಲು ತಗಲಿದ ಸೆಕೆಂಡುಗಳು ಇವಿಷ್ಟನ್ನು ನಮೂದಿಸಿದಲ್ಲಿ ಸ್ಥಳ ಪರಿಶೀಲನೆಗೆ ಬರುವ ಸಿಬ್ಬಂದಿಗೆ ಅನುಕೂಲವಾಗುತ್ತದೆ. ನೀರು ಒಮ್ಮೆಲೇ ಕೆಂಪಾಗಿ ಅಥವಾ ದುರ್ವಾಸನೆಯಿಂದ ಬಂದಲ್ಲಿ ಹರಿವಿನ ಪರೀಕ್ಷೆಗಾಗಿ ಕಾಯದೆ ಅಂದೇ ತಿಳಿಸತಕ್ಕದ್ದು.

ಪಟ್ಟಣದಲ್ಲಿ ಹೊಸ ಸಂಪರ್ಕದ ಅರ್ಜಿಗಳು ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಬರುವುದರಿಂದ ಅರ್ಜಿದಾರರು ಸ್ವೀಕೃತಿಯೊಂದಿಗೆ ನೀಡಲಾಗುವ 15 ಅಂಕಿಗಳ ಸಂಖ್ಯೆಯನ್ನು ಕೇಳಿ ಪಡೆಯತಕ್ಕದ್ದು. ದೂರಿಗೆ ಸ್ಪಂದನೆ ದೊರೆಯದಿದ್ದಲ್ಲಿ ರಾಜ್ಯದ ಸಾರ್ವಜನಿಕ ಕುಂದುಕೊರತೆ ಸಹಾಯವಾಣಿ 1902ಕ್ಕೆ ಕರೆ ಮಾಡಬಹುದು. ವಿದ್ಯುತ್ ಸರಬರಾಜಿಗೆ ಸಂಬಂಧಿಸಿದ ದೂರುಗಳಿಗೆ ಸಹಾಯವಾಣಿ ಸಂಖ್ಯೆ 1912. ಮನೆಯೊಳಗಿನ ಕೊಳವೆ, ನಲ್ಲಿ, ಗೀಸರ್ ಹಾಗೂ ಸೋಲಾರ್ ದುರಸ್ತಿಯ ವೆಚ್ಚವನ್ನು ಸಂಪರ್ಕದಾರರೇ ಭರಿಸಬೇಕಾಗುತ್ತದೆ.