ಮೂರು ನಿಮಿಷದ ಮರಣ

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಮನೆಯ ಹಜಾರದಲ್ಲಿ ಐದಾರು ಹುಡುಗರು ಮೇಜಿನ ಸುತ್ತ ಕುಳಿತು ಆಡುತ್ತಿದ್ದ ಆಟವೊಂದನ್ನು ನಾನು ಆರಾಮಕುರ್ಚಿಯಿಂದಲೇ ಗಮನಿಸುತ್ತಿದ್ದೆನು. ಪಗಡೆಯ ಹಾಸಿಲ್ಲ, ಚದುರಂಗದ ಮನೆಗಳಿಲ್ಲ, ಇಸ್ಪೀಟಿನ ಎಲೆಗಳಿಲ್ಲ. ಒಬ್ಬೊಬ್ಬನ ಮುಂದೆಯೂ ಒಂದು ಹಾಳೆ, ಒಂದು ಪೆನ್ಸಿಲು. ನಡುವೆ ಇಪ್ಪತ್ತು ಮುಖಗಳ ಒಂದು ದಾಳ. ಮಿಕ್ಕದ್ದೆಲ್ಲವೂ ಮಾತು. ಹುಡುಗರು ಎದ್ದುಹೋದ ಮೇಲೆ ಮೊಮ್ಮಗನ ಹಾಳೆಯನ್ನು ಕೈಗೆತ್ತಿಕೊಂಡು ನೋಡಿದೆನು. ಅವನು ಕಲ್ಪಿಸಿಕೊಂಡಿದ್ದ ವೀರನ ಹೆಸರು, ಕುಲ, ಕಸುಬು, ಆಯುಧಗಳೆಲ್ಲ ಅಚ್ಚುಕಟ್ಟಾಗಿ ಬರೆಯಲ್ಪಟ್ಟಿದ್ದ ಆ ಹಾಳೆಯಲ್ಲಿ ಒಂದು ಚೌಕ ಮಾತ್ರ, ಬರೆದು ಅಳಿಸಿ ಅಳಿಸಿ ಬರೆದುದರಿಂದ, ರಬ್ಬರಿನ ಉಜ್ಜಾಟಕ್ಕೆ ನವೆದು, ಬೆಳಕಿಗೆ ಹಿಡಿದರೆ ಹಿಂದಿನ ಬೆರಳು ಕಾಣುವಷ್ಟು ತೆಳ್ಳಗಾಗಿತ್ತು. ಇದೇನಪ್ಪ ಎಂದು ಕೇಳಿದರೆ, "ಅದು ಹಿಟ್ ಪಾಯಿಂಟು, ತಾತ. ಅದು ಸೊನ್ನೆ ಆದ್ರೆ ನಾನು ಹೋದೆ ಅಂತ್ಲೇ ಲೆಕ್ಕ" ಎಂದನು.

ಪ್ರಾಣವನ್ನು ಹೀಗೆ ಅಂಕೆಯಾಗಿ ಬರೆದಿಡುವ ಪದ್ಧತಿಯ ವಂಶಾವಳಿಯನ್ನು ಹಿಡಿದು ಹೊರಟರೆ ನಾವು ಮೊದಲು ತಲಪುವುದು ಪ್ರಷ್ಯದ ಸೇನಾಧಿಕಾರಿಗಳ ಮೇಜಿನ ಬಳಿಗೆ. ತಂದೆಯು 1812ರಲ್ಲಿ ಅರಸನಿಗೆ ಮಾಡಿ ತೋರಿಸಿದ್ದ ಯುದ್ಧಕ್ರೀಡೆಯನ್ನು ಪರಿಷ್ಕರಿಸಿ 1824ರಲ್ಲಿ ಸೇನಾಧಿಕಾರಿಗಳ ಕೈಗಿತ್ತ ತರುಣ ರೈಸ್‌ವಿಟ್ಸನ ಆಟದಲ್ಲಿ, ಭೂಪಟದ ಮೇಲೆ ಸೈನ್ಯಗಳು ಸರಿಯುತ್ತಿದ್ದವು, ದಾಳವು ಯುದ್ಧದ ಅನಿಶ್ಚಯವನ್ನು ಪ್ರತಿನಿಧಿಸುತ್ತಿತ್ತು, ಇಬ್ಬರು ಪ್ರತಿಪಕ್ಷಿಗಳಿಗೂ ಸೇರದ ಒಬ್ಬ ನಿರ್ಣಾಯಕನು ಫಲಾಫಲಗಳನ್ನು ಹೇಳುತ್ತಿದ್ದನು. ಇಂಗ್ಲೆಂಡಿನ ಎಚ್. ಜಿ. ವೆಲ್ಸ್ 1913ರಲ್ಲಿ 'ಲಿಟಲ್ ವಾರ್ಸ್' ಎಂಬ ಪುಸ್ತಕವನ್ನು ಬರೆದು, ತವರದ ಬೊಂಬೆ ಸಿಪಾಯಿಗಳ ಮೇಲೆ ಸ್ಪ್ರಿಂಗಿನ ಆಟಿಕೆ ಫಿರಂಗಿಯನ್ನು ಹಾರಿಸುವ ಕ್ರಮವನ್ನು ಗೃಹಸ್ಥರಿಗೆ ಬೋಧಿಸಿದನು. ಅಲ್ಲಿ ಗುಂಡು ತಗುಲಿ ಉರುಳಿದ ಬೊಂಬೆ ಸತ್ತಂತೆ. ಬೊಂಬೆಗೆ ಹೆಸರಿಲ್ಲವಾದುದರಿಂದ ಯಾರೂ ಅಳುತ್ತಿರಲಿಲ್ಲ.

ಹೆಸರು ಬಂದುದು 1969ರಲ್ಲಿ. ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಡೇವಿಡ್ ವೆಸ್ಲಿ ಎಂಬವರು ತಮ್ಮ ಗೆಳೆಯರಿಗಾಗಿ ನೆಪೋಲಿಯನ್ನನ ಕಾಲದ ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಜರ್ಮನ್ ಪಟ್ಟಣವೊಂದನ್ನು ಸಜ್ಜುಗೊಳಿಸಿ, ಆಟಗಾರರಿಗೆ ಸೈನ್ಯಗಳನ್ನು ಮಾತ್ರ ಹಂಚದೆ, ಒಬ್ಬನಿಗೆ ಪುರಾಧ್ಯಕ್ಷನ ಪಾತ್ರವನ್ನೂ ಮತ್ತೊಬ್ಬನಿಗೆ ವಿದ್ಯಾರ್ಥಿಯ ಪಾತ್ರವನ್ನೂ ಕೊಟ್ಟರು. ಯುದ್ಧವು ಆರಂಭವಾಗುವುದಕ್ಕೆ ಮೊದಲೇ ಪಾತ್ರಧಾರಿಗಳು ತಮ್ಮ ತಮ್ಮಲ್ಲೇ ಸಂಚು ಹೂಡಿ ಗಲಿಬಿಲಿಯೆಬ್ಬಿಸಿದರು. ಆಟ ಕೆಟ್ಟಿತೆಂದು ವೆಸ್ಲಿಯವರು ಖಿನ್ನರಾದರು. ಆಡಿದವರಾದರೋ ಇನ್ನೊಮ್ಮೆ ಬೇಕೆಂದು ಬೆನ್ನುಹತ್ತಿದರು. ಅವರಲ್ಲೊಬ್ಬರಾದ ಡೇವ್ ಆರ್ನೆಸನ್, 1971ರ ಸುಮಾರಿಗೆ ಬ್ಲ್ಯಾಕ್‌ಮೂರ್ ಎಂಬ ಮಾಯಾರಾಜ್ಯವನ್ನೂ ಅದರ ಕೋಟೆಯಡಿಯ ನೆಲಮಾಳಿಗೆಗಳನ್ನೂ ಕಲ್ಪಿಸಿ, ಗೆಳೆಯರನ್ನು ಅದರೊಳಕ್ಕೆ ಇಳಿಸಿದರು. ಅಲ್ಲಿ ತೊಡಕೊಂದು ಒದಗಿತು. ಆಗ ರೂಢಿಯಲ್ಲಿದ್ದ ನಿಯಮದಂತೆ ದಾಳದ ಒಂದೇ ಉರುಳಿಗೆ ಮನುಷ್ಯ ಸಾಯುತ್ತಿದ್ದನು. ವಾರಗಟ್ಟಲೆ ತಾನೆಂದೇ ಭಾವಿಸಿ ನಡೆಸಿಕೊಂಡು ಬಂದ ಪಾತ್ರವು ಒಂದು ಕ್ಷಣದಲ್ಲಿ ಅಳಿದುಹೋಗುವುದನ್ನು ಗೆಳೆಯರು ಒಪ್ಪಲಿಲ್ಲ. ಆರ್ನೆಸನ್ನರು ಪರಿಹಾರವನ್ನು ಅರಸಿದುದು ಸಮುದ್ರದಲ್ಲಿ: ಅಮೆರಿಕದ ಅಂತರ್ಯುದ್ಧದ ಕಬ್ಬಿಣದ ಕವಚದ ಹಡಗುಗಳ ಕಾಳಗಕ್ಕಾಗಿ ತಾವು ಹಿಂದೆ ರಚಿಸಿದ್ದ ನಿಯಮಗಳಲ್ಲಿ, ಹಡಗು ಎಷ್ಟು ಪೆಟ್ಟು ತಾಳಿ ಮುಳುಗುವುದೆಂಬ ಲೆಕ್ಕವಿತ್ತು, ಅದನ್ನೇ ತಂದು ಮನುಷ್ಯನಿಗೆ ತೊಡಿಸಿದರು. ನನ್ನ ಮೊಮ್ಮಗನ ಹಾಳೆಯ ಮೇಲೆ ನವೆದಿದ್ದ ಚೌಕವು ಮೂಲದಲ್ಲಿ ಒಂದು ಹಡಗಿನ ಹೊಟ್ಟೆ.

ಆರ್ನೆಸನ್ನರ ಕಲ್ಪನೆಯನ್ನು ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವ ಎಂಬ ಸಣ್ಣ ಊರಿನ ಗ್ಯಾರಿ ಗೈಗ್ಯಾಕ್ಸ್ ಪುಸ್ತಕರೂಪಕ್ಕೆ ತಂದರು. ವಿಮಾ ಕಂಪನಿಯ ಕೆಲಸ ಹೋಗಿ ಜೋಡು ರಿಪೇರಿ ಮಾಡಿಕೊಂಡಿದ್ದ ಈ ಗೃಹಸ್ಥರೂ ಅವರ ಮಿತ್ರರೂ ಕೂಡಿ ಹೂಡಿದ ಟಿಎಸ್‌ಆರ್ ಎಂಬ ಪುಟ್ಟ ಸಂಸ್ಥೆಯು 1974ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಮೂರು ಕಿರುಹೊತ್ತಗೆಗಳ ಪೆಟ್ಟಿಗೆಯನ್ನು ಹತ್ತು ಡಾಲರಿನ ಬೆಲೆಗೆ ಮಾರಿತು. ಮೊದಲ ಮುದ್ರಣ 1000 ಪ್ರತಿ. ಆಟವನ್ನು ನಡೆಸುವವನಿಗೆ ಕಾಲಾಂತರದಲ್ಲಿ ಡಂಜನ್ ಮಾಸ್ಟರ್ ಎಂಬ ಹೆಸರು ನಿಂತಿತು. ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲಿಯೇ ಬರಿಯ ಮಾತಿನಿಂದ ಪಾತ್ರವನ್ನು ಕಟ್ಟುವ ನಮ್ಮ ತಾಳಮದ್ದಲೆಯನ್ನು ಕಂಡವರಿಗೆ ಈ ಆಟವು ಅಷ್ಟೊಂದು ವಿಚಿತ್ರವಾಗಿ ತೋರಲಾರದು. ಸಂಬಂಧವೇನೂ ಇಲ್ಲ, ಸಾದೃಶ್ಯವುಂಟು, ಅಷ್ಟೆ. ಕರ್ಣನ ಅರ್ಥಧಾರಿಯು ಕೃಷ್ಣನನ್ನು ಮಾತಿನಲ್ಲಿ ನಿರುತ್ತರನನ್ನಾಗಿ ಮಾಡಬಹುದು, ಆದರೆ ಪ್ರಸಂಗವು ಮುಗಿಯುವಾಗ ಕರ್ಣನು ಸಾಯಲೇಬೇಕು. ಮೇಜಿನಾಟದಲ್ಲಾದರೋ ಅಂತ್ಯವು ಯಾರಿಗೂ, ಭಾಗವತರಿಗೂ ಸಹ, ಗೊತ್ತಿರುವುದಿಲ್ಲ.

ಇಂತಹ ಆಟದಿಂದ ಮಕ್ಕಳ ಕಾರ್ಟೂನ್ ಧಾರಾವಾಹಿಯೊಂದನ್ನು ತೆಗೆಯಬೇಕೆಂದು ಹೊರಟವರ ಕಷ್ಟವನ್ನು ಊಹಿಸಬಹುದು. 1983ರ ಸೆಪ್ಟೆಂಬರಿನಿಂದ 1985ರ ಡಿಸೆಂಬರಿನವರೆಗೆ ಸಿಬಿಎಸ್ ವಾಹಿನಿಯಲ್ಲಿ ಶನಿವಾರದ ಬೆಳಗ್ಗೆ ಪ್ರಸಾರವಾದ, ಮಾರ್ವೆಲ್ ಸಂಸ್ಥೆಯ ಚಿತ್ರಶಾಖೆಯು ಟಿಎಸ್‌ಆರ್ ಜೊತೆಗೂಡಿ ನಿರ್ಮಿಸಿದ ಆ 27 ಕಂತುಗಳ ಕಥೆಯಲ್ಲಿ, ಸಂತೆಮೈದಾನದ ಆಟದ ಬಂಡಿಯೊಂದನ್ನು ಹತ್ತಿದ ಆರು ಮಕ್ಕಳು ಮಾಯಾಲೋಕಕ್ಕೆ ಜಾರಿಬೀಳುತ್ತಾರೆ. ಆಟದಲ್ಲಿ ಕಸುಬುಗಳಾಗಿದ್ದವು ಇಲ್ಲಿ ಮುಖ ಪಡೆದವು: ಹ್ಯಾಂಕ್ ಕಾಡುಪಾಲಕ, ಎರಿಕ್ ಕುದುರೆವೀರ, ಡಯಾನ ದೊಂಬರಾಟದವಳು, ಪ್ರೆಸ್ಟೊ ಮಂತ್ರವಾದಿ, ಶೀಲ ಕಳ್ಳಿ, ಅವಳ ತಮ್ಮ ಬಾಬಿ ಬರ್ಬರ. ಇವರಲ್ಲಿ ಕುದುರೆವೀರ, ದೊಂಬ, ಬರ್ಬರ ಎಂಬ ಮೂರು ಕಸುಬುಗಳು ಆಟದ ಮುಖ್ಯ ಪುಸ್ತಕದಲ್ಲಿ ಇರಲೇ ಇಲ್ಲ, ಗೈಗ್ಯಾಕ್ಸರು ಅವನ್ನು ಟಿಎಸ್‌ಆರ್ ಸಂಸ್ಥೆಯ ಮಾಸಿಕದಲ್ಲಿ ಆಗಷ್ಟೇ ಬರೆದಿದ್ದರು, ಗ್ರಂಥಸ್ಥವಾದುದು 1985ರಲ್ಲಿ.

ಡಂಜನ್ ಮಾಸ್ಟರನೂ ಇಲ್ಲಿ ಒಗಟಿನಲ್ಲಿ ಮಾತಾಡುವ ಗಿಡ್ಡ ಮುದುಕನಾಗಿ ಅವತರಿಸಿದನು, ಮಕ್ಕಳಿಗೆ ಒಂದೊಂದು ಮಾಯಾವಸ್ತುವನ್ನು ಕೊಟ್ಟನು. ಪಾತ್ರಗಳನ್ನು ರೂಪಿಸಿದವರ ಜಾಣ್ಮೆಯನ್ನು ಈ ಹಂಚಿಕೆಯಲ್ಲಿ ನೋಡಬೇಕು. ಹ್ಯಾಂಕನ ಬಿಲ್ಲು ಹೂಡುವುದು ಬೆಳಕಿನ ಬಾಣ, ಅದು ಕಟ್ಟಿಹಾಕಬಲ್ಲುದು, ಸೀಳಲಾರದು, ಎರಿಕನಿಗೆ ಗುರಾಣಿ, ಡಯಾನಳಿಗೆ ಬೇಕಾದಂತೆ ನೀಳವಾಗುವ ಕೋಲು, ಪ್ರೆಸ್ಟೊವಿನ ಟೊಪ್ಪಿಯಿಂದ ಕೇಳಿದ್ದು ಬಿಟ್ಟು ಇನ್ನೇನೋ ಹೊರಬರುವುದು, ಶೀಲಳದು ಅದೃಶ್ಯಳನ್ನಾಗಿಸುವ ನಿಲುವಂಗಿ, ಬಾಬಿಯ ಗದೆಯಾದರೋ ನೆಲಕ್ಕೆ ಬಡಿದು ಭೂಮಿಯನ್ನು ನಡುಗಿಸುವುದಕ್ಕೆ. ಆರರಲ್ಲಿ ಅಲಗುಳ್ಳ ಆಯುಧ ಒಂದೂ ಇಲ್ಲ. ಶನಿವಾರದ ಬೆಳಗ್ಗೆ ರಕ್ತ ಬೀಳಕೂಡದೆಂಬ ನಿರ್ಬಂಧವು ಆರು ಸ್ವಭಾವಗಳನ್ನು ಕೆತ್ತಿತು. ನಿರ್ಬಂಧದಿಂದ ಕಲೆಗೆ ಹಾನಿಯೆಂದು ಸದಾ ಗೋಳಿಡುವವರು ಪ್ರೆಸ್ಟೊವಿನ ಟೊಪ್ಪಿಯನ್ನು ಒಮ್ಮೆ ನೆನೆಯಬೇಕು.

ಎರಿಕನ ವಿಷಯದಲ್ಲಿ ಮಾತ್ರ ನಾನು ಅಷ್ಟು ಉದಾರನಾಗಲಾರೆ. ಧಾರಾವಾಹಿಯ ರೂಪರೇಖೆಯನ್ನು ಸಿದ್ಧಪಡಿಸಿದ ಮಾರ್ಕ್ ಎವಾನಿಯರ್ ಅವರೇ ಅನಂತರ ಬರೆದಿರುವಂತೆ, ಸಿರಿವಂತರ ಮನೆಯ ಈ ಗೊಣಗುವ ಹುಡುಗನು ಮಕ್ಕಳಿಗೆ ಸದ್ಬುದ್ಧಿಯನ್ನು ಕಲಿಸಬೇಕೆಂದು ಒತ್ತಾಯಿಸುತ್ತಿದ್ದ ಹಿತಚಿಂತಕರ ಸಲಹೆಯ ಫಲ: ಗುಂಪು ಸದಾ ಸರಿ, ಗುಂಪಿಗೆ ಎದುರಾಡುವವನು ಸದಾ ತಪ್ಪು ಎಂಬುದನ್ನು ಕಂತು ಕಂತಿಗೂ ತೋರಿಸುವುದಕ್ಕಾಗಿ ಅವನಿದ್ದನು. ಐವರು ಬಲಕ್ಕೆ ಹೋಗೋಣವೆಂದರೆ ಎಡಕ್ಕೆ ಎನ್ನುವವನೇ ಮೇಜಿನಾಟಕ್ಕೆ ಜೀವ ತುಂಬುವ ಆಟಗಾರನೆಂಬುದನ್ನು ನಮ್ಮ ಹಜಾರದಲ್ಲಿ ಕೂಗಾಡುತ್ತಿದ್ದ ಹುಡುಗರೂ ಬಲ್ಲರು. ಆ ಸಲಹೆಗಾರರಿಗೆ ಅದು ತಿಳಿದಿರಲಿಲ್ಲವೆಂದು ತೋರುತ್ತದೆ. ವಿನೋದವೆಂದರೆ, ನೋಡುಗರ ನೆನಪಿನಲ್ಲಿ ಸೊಗಸಾಗಿ ಉಳಿದವನು ಎರಿಕನೇ. ಭಯಂಕರವಾದ ಲೋಕದಲ್ಲಿ ಭಯವನ್ನು ಬಾಯಿಬಿಟ್ಟು ಹೇಳುತ್ತಿದ್ದವನು ಅವನೊಬ್ಬನಷ್ಟೆ.

ಆದರೂ ಮರಣದ ಪ್ರಶ್ನೆಯು ಒಮ್ಮೆ ತಲೆಯೆತ್ತಿತು. ಮೈಕಲ್ ರೀವ್ಸ್ ಬರೆದ 1984ರ 'ಡ್ರ್ಯಾಗನ್ಸ್ ಗ್ರೇವ್‌ಯಾರ್ಡ್' ಎಂಬ ಕಂತಿನಲ್ಲಿ, ಊರಿಗೆ ಮರಳುವ ದಾರಿಯನ್ನು ಪದೇ ಪದೇ ಮುಚ್ಚುವ ವೆಂಜರ್ ಎಂಬ ದುಷ್ಟ ಮಾಯಾವಿಯ ಮೇಲೆ ರೋಸಿಹೋದ ಮಕ್ಕಳು ಐದು ತಲೆಯ ಟಿಯಾಮಾಟ್ ಎಂಬ ಘಟಸರ್ಪಿಣಿಯ ನೆರವನ್ನು ಬೇಡಿ ಅವನಿಗೆದುರಾಗುತ್ತಾರೆ. ಕಡೆಯಲ್ಲಿ ವೆಂಜರನು ಕೈಗೆ ಸಿಕ್ಕಾಗ ಹ್ಯಾಂಕನು ಅವನನ್ನು ಕೊಲ್ಲದೆ ಬಿಡುತ್ತಾನೆ. ಮೇಜಿನಾಟದಲ್ಲಾಗಿದ್ದರೆ ಅಲ್ಲಿ ದಾಳವೊಂದು ಉರುಳುತ್ತಿತ್ತು.

ಆಟದಿಂದ ಕಾರ್ಟೂನು ಹುಟ್ಟಿದ ಮರುವರ್ಷವೇ, ಕಾರ್ಟೂನಿನಿಂದ ಆಟವೊಂದು ಹುಟ್ಟಿತು. 1984ರಲ್ಲಿ ಟೆಕ್ಸಸಿನ ಸ್ಟೀವ್ ಜಾಕ್ಸನ್ ಗೇಮ್ಸ್ ಸಂಸ್ಥೆಯು ಪ್ರಕಟಿಸಿದ 'ಟೂನ್' ಎಂಬ ಆ ಆಟವನ್ನು ಗ್ರೆಗ್ ಕಾಸ್ಟಿಕಿಯನ್ ಕಲ್ಪಿಸಿದರು, ವಾರೆನ್ ಸ್ಪೆಕ್ಟರ್ ಬೆಳೆಸಿದರು. ಸ್ಪೆಕ್ಟರರಾದರೋ ವಿಶ್ವವಿದ್ಯಾನಿಲಯದಲ್ಲಿ ವಾರ್ನರ್ ಸಂಸ್ಥೆಯ ಕಾರ್ಟೂನುಗಳ ಮೇಲೆಯೇ ಪ್ರಬಂಧ ಬರೆದವರು. ಇಲ್ಲಿ ನಿರ್ಣಾಯಕನಿಗೆ ಆನಿಮೇಟರ್ ಎಂದು ಹೆಸರು. ಪಾತ್ರಗಳು ಮೊಲ, ಬಾತು, ಮಾತಾಡುವ ಒಲೆ, ಏನಾದರೂ ಆಗಬಹುದು. ಅವಕ್ಕಿರುವ ಗುಣಗಳು ನಾಲ್ಕು: ಬಲ, ಚುರುಕು, ಬುದ್ಧಿ, ಮತ್ತು ನಾಚಿಕೆಯಿಲ್ಲದ ಎದೆಗಾರಿಕೆ. ಕಮರಿಯ ಅಂಚು ದಾಟಿ ಗಾಳಿಯಲ್ಲಿ ನಡೆಯಬೇಕಾದರೆ ಬುದ್ಧಿಯ ದಾಳ ಸೋಲಬೇಕು, ಏಕೆಂದರೆ ಕೆಳಗೆ ನೆಲವಿಲ್ಲವೆಂದು ತಿಳಿಯದವನು ಮಾತ್ರ ಬೀಳದೆ ಉಳಿಯುವನು! ವೇದಾಂತಿಗಳು ಹಗ್ಗವನ್ನೂ ಹಾವನ್ನೂ ಇಟ್ಟುಕೊಂಡು ಹೇಳಿದುದಕ್ಕೆ ಇದು ತಲೆಕೆಳಗಾದ ದೃಷ್ಟಾಂತ.

ಇಲ್ಲಿಯೂ ಹಿಟ್ ಪಾಯಿಂಟಿನ ಚೌಕವುಂಟು. ಅದು ಸೊನ್ನೆಯಾದರೆ ಪಾತ್ರವು ಸಾಯುವುದಿಲ್ಲ, 'ಬೀಳುತ್ತದೆ'. ಆಡಿದವನು ಗಡಿಯಾರದ ಮೂರು ನಿಮಿಷ ಸುಮ್ಮನೆ ಕುಳಿತಿದ್ದು, ಎಲ್ಲ ಪಾಯಿಂಟುಗಳೊಂದಿಗೆ ಮತ್ತೆ ಒಳಬರಬೇಕು. ಮೂರೇ ಏಕೆ? ನಿಯಮ ರಚಿಸಿದವರ ಮನಸ್ಸನ್ನು ನಾನು ಬಲ್ಲವನಲ್ಲ. ಆದರೆ ಅಷ್ಟು ಹೊತ್ತು ಬಾಯಿ ಮುಚ್ಚಿ ಕೂರುವುದು ಆಡುವ ಹುಡುಗನಿಗೆ ಎಂತಹ ಶಿಕ್ಷೆಯೆಂಬುದನ್ನು ತಿಳಿಯಲು ಮೊಮ್ಮಕ್ಕಳಿರುವ ಮನೆಯಲ್ಲಿ ಒಂದು ದಿನ ಇದ್ದರೆ ಸಾಕು.

ಇತ್ತ ಮಾಯಾಲೋಕದ ಆ ಆರು ಮಕ್ಕಳ ಗತಿ? ವೆಂಜರನು ಪರಿಶುದ್ಧನಾಗಿ, ಡಂಜನ್ ಮಾಸ್ಟರನ ಮಗನೆಂದು ಪ್ರಕಟವಾಗಿ, ಮಕ್ಕಳ ಮುಂದೆ ಮನೆಯ ಬಾಗಿಲು ತೆರೆಯುವ 'ರೆಕ್ವಿಯೆಮ್' ಎಂಬ ಕಡೆಯ ಕಂತನ್ನು ರೀವ್ಸ್ ಬರೆದಿದ್ದರು; ಧಾರಾವಾಹಿಯು ನಿಂತುಹೋದುದರಿಂದ ಅದು ಚಿತ್ರವಾಗಲಿಲ್ಲ. ಆ ಸರಣಿಯನ್ನು ತನ್ನದೇ ಎಂಬಂತೆ ಪ್ರೀತಿಸಿದ ಬ್ರೆಜಿಲ್ ದೇಶದಲ್ಲಿ 2019ರಲ್ಲಿ ಜಾಹೀರಾತೊಂದು ಬಂದಿತು. ರಕ್ತಮಾಂಸದ ನಟರು ಹ್ಯಾಂಕ, ಎರಿಕ, ಶೀಲರ ವೇಷದಲ್ಲಿ ವೆಂಜರನಿಂದ ತಪ್ಪಿಸಿಕೊಂಡು, ಮೂವತ್ತಾರು ವರ್ಷಗಳ ತರುವಾಯ ಆ ಸಂತೆಮೈದಾನವನ್ನು ಬಂದು ಸೇರಿದರು. ಅವರು ಬಂದುದು ರೆನೋ ಕಂಪನಿಯ ಕ್ವಿಡ್ ಎಂಬ ಸಣ್ಣ ಕಾರಿನಲ್ಲಿ, ನಮ್ಮ ಬೀದಿಯ ಕೊನೆಯ ಮನೆಯವರು ಪ್ರತಿ ಬೆಳಗ್ಗೆ ಹಿಮ್ಮುಖವಾಗಿ ಹೊರತೆಗೆಯಲು ಹೆಣಗುವ ಅದೇ ಕಾರು.